ಬಾಲ್ ಆಟದಲ್ಲಿರುವಾಗ ಮಕ್ಕಳನ್ನು ಅವರ ಪಾಡಿಗೆ ಬಿಡಿ: ಕಾಸರಗೋಡಿನ ಸಾಫ್ಟ್‌ಬಾಲ್ ಮೈದಾನದ ಸುತ್ತ ನಿಲ್ಲುವವರಿಗೆ ಒಂದು ಬಹಿರಂಗ ಪತ್ರ

ಕಾಸರಗೋಡು ಜಿಲ್ಲೆಯ ಶಾಲಾ ಕ್ರೀಡಾಕೂಟಗಳನ್ನು ನಡೆಸುವ ಅಧಿಕಾರಿಗಳಿಗೆ, ದೈಹಿಕ ಶಿಕ್ಷಣದ ಮಾಷ್ಟ್ರುಗಳಿಗೆ, ಟೀಚರ್‌ಗಳಿಗೆ, ಆಟ ನೋಡಲು ಬರುವ ಅಪ್ಪ ಅಮ್ಮಂದಿರಿಗೆ,

ನಮಸ್ಕಾರ.

ನಿಮ್ಮಲ್ಲಿ ಒಂದು ವಿಷಯ ಕೇಳಿಕೊಳ್ಳಬೇಕು ಅಂತ ಈ ಪತ್ರ. ಸಾಫ್ಟ್‌ಬಾಲ್ ಆಡುವ ನಮ್ಮ ಮಕ್ಕಳಿಗೆ, ಬಾಲ್ ಆಟದಲ್ಲಿರುವ ಹೊತ್ತಿನಲ್ಲಿ, ಹೊರಗಿನಿಂದ ಕೂಗಿ ಹೇಳುವುದನ್ನು ನಿಲ್ಲಿಸೋಣ. ಹೇಳಬೇಕಾದ್ದು ತುಂಬಾ ಇದೆ, ಗೊತ್ತು. ಅದನ್ನೆಲ್ಲ ಅಭ್ಯಾಸದ ದಿನಗಳಲ್ಲಿ ಹೇಳೋಣ. ಪಂದ್ಯದಲ್ಲಿ ಎಲ್ಲಿಗೆ ಎಸೆಯಬೇಕು, ಓಡಬೇಕೋ ನಿಲ್ಲಬೇಕೋ ಅನ್ನುವುದನ್ನು ಆಡುವವರೇ ತೀರ್ಮಾನಿಸಲಿ.

ನಾನು ಬದಿಯಡ್ಕ ಕಡೆಯವನು. ಕೆಲಸ ಮುಗಿಸಿ ಬಂದ ಮೇಲೆ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯ ಹುಡುಗಿಯರ ತಂಡಕ್ಕೆ ಅಭ್ಯಾಸ ಮಾಡಿಸಲು ಮಾಷ್ಟ್ರ ಜೊತೆ ಕೈಜೋಡಿಸುತ್ತೇನೆ. ಬಾಲ್ ಹೆಕ್ಕುವುದರಿಂದ ಹಿಡಿದು ಸ್ಕೋರ್ ಬರೆಯುವ ತನಕ ಎಲ್ಲ ಕೆಲಸಕ್ಕೂ ಸೈ. ಈ ಮಕ್ಕಳ ಕೈ ಚುರುಕು, ಕಾಲು ಚುರುಕು. ಮುರಕಲ್ಲಿನ ಮೈದಾನದಲ್ಲಿ ಎತ್ತೆತ್ತಲೋ ಪುಟಿಯುವ ಬಾಲನ್ನು ಹಿಡಿದು ಅಭ್ಯಾಸ ಇರುವವರು. ಆದರೂ ಪಂದ್ಯ ಬಿಗಿಯಾದ ಹೊತ್ತಿಗೆ ನಾವು ಸೋಲುವುದು ಕೈ ತಪ್ಪಿ ಅಲ್ಲ. ಹಿಡಿದ ಬಾಲನ್ನು ಎಲ್ಲಿಗೆ ಕೊಡಬೇಕು ಅಂತ ಗೊತ್ತಾಗದೆ ನಿಂತು ಸೋಲುತ್ತೇವೆ. ಜಿಲ್ಲೆಯ ಬೇರೆ ತಂಡಗಳಲ್ಲೂ ನಾನು ಕಂಡದ್ದು ಇದನ್ನೇ.

ಆಟ ಅಷ್ಟಾಗಿ ಗೊತ್ತಿಲ್ಲದವರೂ ಇದನ್ನು ಓದಬಹುದು, ಅವರಿಗಾಗಿ ಎರಡು ಮಾತು. ಒಂದು ಕಡೆಗೆ 9 ಜನ, 7 ಇನ್ನಿಂಗ್ಸ್, ಮೂರು ಔಟ್ ಆದರೆ ಸರದಿ ಬದಲು. ಪಿಚ್ಚರ್ ಕೈಯನ್ನು ಕೆಳಗಿನಿಂದ ಬೀಸಿ ಬಾಲ್ ಬಿಡುತ್ತಾಳೆ. ಹೊಡೆದವಳು ಮೊದಲ ಬೇಸಿಗೆ ಓಡಬೇಕು, ಆಮೇಲೆ ಎರಡು, ಮೂರು, ಕೊನೆಗೆ ಹೊಡೆದ ಜಾಗಕ್ಕೇ ವಾಪಸ್, ಅದು ಹೋಂ. ಒಂದು ಬೇಸಿನಿಂದ ಇನ್ನೊಂದಕ್ಕೆ 60 ಅಡಿ, ಅಂದರೆ 18 ಮೀಟರಿಗಿಂತ ಸ್ವಲ್ಪ ಜಾಸ್ತಿ. ಕ್ರಿಕೆಟ್ ಪಿಚ್ಚಿನ ವಿಕೆಟ್‌ಗಳ ನಡುವಿನ ದೂರ 66 ಅಡಿ. ಅದಕ್ಕಿಂತಲೂ ಕಡಿಮೆ ಜಾಗದಲ್ಲಿ ಇಲ್ಲಿ ಎಲ್ಲವೂ ನಡೆದುಹೋಗುತ್ತದೆ.

ಈಗ ಸಮಯದ ಲೆಕ್ಕ ನೋಡಿ. ಹುಡುಗಿಯರ ಆಟದಲ್ಲಿ ಪಿಚ್ಚರ್ ನಿಲ್ಲುವುದು 43 ಅಡಿ ದೂರದಲ್ಲಿ. ಗಂಟೆಗೆ 65 ಕಿಲೋಮೀಟರ್ ವೇಗದ ಬಾಲ್ ಬ್ಯಾಟಿನ ಹತ್ತಿರ ಬರಲು ಮುಕ್ಕಾಲು ಸೆಕೆಂಡೂ ಬೇಡ. ಹೊಡೆತದ ನಂತರವೂ ಹಾಗೆಯೇ. ಹೊರಗೆ ನಿಂತ ನಾವು ಬಾಲ್ ಎಲ್ಲಿಗೆ ಹೋಯಿತು ಅಂತ ನೋಡಬೇಕು, ಮನಸ್ಸಿನಲ್ಲಿ ತೀರ್ಮಾನಿಸಬೇಕು, ಬಾಯಿ ತೆರೆಯಬೇಕು. ಮಗುವಿನ ಕಿವಿಗೆ ಅದು ಬೀಳಬೇಕು, ತಲೆಗೆ ಹೋಗಬೇಕು, ಆಮೇಲೆ ಕಾಲು ಅಲ್ಲಾಡಬೇಕು. ಎಷ್ಟು ಬೇಗ ಅಂದರೂ ಅರ್ಧ ಸೆಕೆಂಡ್ ಹೋಗಿಯೇ ಹೋಗುತ್ತದೆ. ಬೇಸಿನಿಂದ ಬೇಸಿಗೆ ನಾಲ್ಕು ಸೆಕೆಂಡಿನಲ್ಲಿ ಓಡುವ ಹುಡುಗಿ ಅರ್ಧ ಸೆಕೆಂಡಿನಲ್ಲಿ ಎರಡು ಮೀಟರಿಗಿಂತ ಜಾಸ್ತಿ ದಾಟಿರುತ್ತಾಳೆ. ಔಟೋ ಸೇಫೋ ಅಂತ ಅಂಪೈರ್ ಹೇಳುವುದು ಒಂದು ಹೆಜ್ಜೆಯ ವ್ಯತ್ಯಾಸ ನೋಡಿ. ಹಾಗಾಗಿ ನಾವು ಕೂಗಿದ್ದು ಸರಿಯಾಗಿದ್ದರೂ ಅದು ಅವಳಿಗೆ ತಲುಪುವಾಗ ಹಳತಾಗಿರುತ್ತದೆ.

ಇನ್ನು ನಮ್ಮ ಜಿಲ್ಲೆಯಲ್ಲಿ ಕೂಗು ಒಂದೇ ಭಾಷೆಯಲ್ಲಿ ಬರುವುದಿಲ್ಲ. ಕಳೆದ ವರ್ಷದ ಒಂದು ಪಂದ್ಯ. ಒಂದು ಔಟ್ ಆಗಿತ್ತು. ನಮ್ಮ ಹುಡುಗಿ ಎರಡನೇ ಬೇಸಿನಲ್ಲಿದ್ದಳು, ಮೊದಲ ಬೇಸ್ ಖಾಲಿ. ಬಾಲ್ ನೆಲ ಹಿಡಿದು ನಿಧಾನವಾಗಿ, ಎರಡು ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆ ಬಂತು. ಎರಡರಲ್ಲಿರುವವಳಿಗೆ ಇದು ಕಣ್ಣೆದುರೇ ಬರುವ ಬಾಲ್. ಅಂಥ ಬಾಲಿಗೆ ಓಡಬಾರದು, ಶಾರ್ಟ್ ಅದನ್ನು ಮೊದಲ ಬೇಸಿಗೆ ಎಸೆಯುವ ತನಕ ಕಾಯಬೇಕು. ಅವಳು ಎರಡು ಹೆಜ್ಜೆ ಮುಂದೆ ಬಂದು ಬಗ್ಗಿ ನಿಂತಳು, ಕಣ್ಣು ಬಾಲ್ ಮೇಲೆಯೇ ಇತ್ತು. ಅಷ್ಟರಲ್ಲಿ ಒಬ್ಬರು ತುಳುವಿನಲ್ಲಿ "ಬಲಿಪು, ಬಲಿಪು", ಅಂದರೆ ಓಡು ಅಂದರು. ಇನ್ನೊಬ್ಬರು "ಓಡ್, ಓಡ್". "ಉಂತು", ಅಂದರೆ ನಿಲ್ಲು, ಅಂತ ಒಂದು ತುಳು ಸ್ವರ. ಮರದ ಅಡಿಯಿಂದ "ಓಡು ಕೂಸೇ" ಅಂತ ಮತ್ತೊಂದು. ಅವಳು ಓಡಿದಳು. ಐದಾರು ಹೆಜ್ಜೆ ಹೋದವಳು ಗಕ್ಕನೆ ನಿಂತು, ಬಾಲನ್ನು ಬಿಟ್ಟು ಮಾಷ್ಟ್ರ ಮುಖ ನೋಡಿದಳು. ಶಾರ್ಟ್ ಆಡುತ್ತಿದ್ದ ಹುಡುಗಿ ಎಸೆಯುವ ಗೋಜಿಗೇ ಹೋಗಲಿಲ್ಲ. ನಾಲ್ಕು ಹೆಜ್ಜೆ ನಡೆದು ಬಂದು ಬಾಲ್ ಇದ್ದ ಗ್ಲೌಸನ್ನು ಇವಳ ಹೆಗಲಿಗೆ ತಾಗಿಸಿದಳು, ಔಟ್.

ಆ ಮಗು ಮೊದಲು ಯೋಚಿಸಿದ್ದು ಸರಿಯಾಗಿತ್ತು. ಅದನ್ನು ಕೆಡಿಸಿದ್ದು ಅವಳನ್ನು ಪ್ರೀತಿಸುವವರೇ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ಸಂಜೆ ಬಸ್ಸಿನಲ್ಲಿ ಅವಳು ಹೇಳಿದ್ದು ಇಷ್ಟು: "ಇನ್ನು ಸರ್ ಹೇಳುವ ತನಕ ನಾನು ಓಡುವುದಿಲ್ಲ." ನನಗೆ ಆ ಔಟ್‌ಗಿಂತ ಜಾಸ್ತಿ ನೋವಾದದ್ದು ಈ ಮಾತಿಗೆ.

ಇದೇ ಮಕ್ಕಳು ರಜೆಯಲ್ಲಿ ಅಡಿಕೆ ಒಣಗಿಸುವ ಅಂಗಳದಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಆಡುವುದನ್ನು ನೋಡಿದ್ದೀರಲ್ಲ. ಬಾಲ್ ಹಟ್ಟಿ ಕಡೆ ಹೋದರೆ ಎಷ್ಟು ರನ್, ತೋಟಕ್ಕೆ ಇಳಿದರೆ ಎಷ್ಟು, ಯಾರ ಕೈಗೆ ಸಿಕ್ಕಿದರೆ ಓಡಬಾರದು, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಹೇಳಿಕೊಡಲು ಯಾರೂ ಇರುವುದಿಲ್ಲ. ಯೋಚಿಸುವ ಶಕ್ತಿ ಅವರಲ್ಲಿ ಇದೆ. ಶಾಲೆಯ ಜರ್ಸಿ ಹಾಕಿದ ಕೂಡಲೇ ಅದು ಹೋಗುವುದು ಯಾಕೆ ಅಂತ ನಾವು ದೊಡ್ಡವರು ಕೇಳಿಕೊಳ್ಳಬೇಕು.

ಕೂಗುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಉಪಜಿಲ್ಲೆ ಗೆದ್ದರೆ ಜಿಲ್ಲೆ, ಜಿಲ್ಲೆಯಿಂದ ರಾಜ್ಯ. ಅಲ್ಲಿ ಸ್ಥಾನ ಸಿಕ್ಕಿದರೆ ಎಸ್ಸೆಸ್ಸೆಲ್ಸಿಗೆ ಗ್ರೇಸ್ ಮಾರ್ಕ್, ಪ್ಲಸ್ ವನ್‌ಗೆ ಸ್ಪೋರ್ಟ್ಸ್ ಕೋಟಾ. ಅಡಿಕೆ ತೋಟದ ಕೂಲಿಗೆ ಹೋಗಿ ಮಗಳನ್ನು ಓದಿಸುವ ಅಮ್ಮನಿಗೆ ಅದು ಸಣ್ಣ ವಿಷಯ ಅಲ್ಲವೇ ಅಲ್ಲ. ಕೈಗೆ ಬಂದದ್ದು ಮಗುವಿನ ಒಂದು ತಪ್ಪಿನಿಂದ ಹೋಗಬಾರದು ಅಂತ ಅನಿಸುವುದು ಸಹಜ. ಮಾಷ್ಟ್ರುಗಳ ಮೇಲೂ ಒತ್ತಡ ಇದೆ. ಅವರು ಒಬ್ಬರೇ ಎಷ್ಟೋ ಆಟ ನೋಡಿಕೊಳ್ಳಬೇಕು. ಅಭ್ಯಾಸಕ್ಕೆ ಸಿಗುವ ಹೊತ್ತು ಕಡಿಮೆ, ಜೂನಿನಿಂದ ಮಳೆ. ಕಲಿಸಲು ಆಗದೆ ಉಳಿದದ್ದನ್ನು ಪಂದ್ಯದ ದಿನ ಕೂಗಿಯಾದರೂ ದಾಟಿಸುವ ಅಂತ ಆಗುತ್ತದೆ.

ಆದರೆ ಅದು ದಾಟುವುದಿಲ್ಲ. ಮೇಲಿನ ಮಟ್ಟಕ್ಕೆ ಹೋದಂತೆ ಆಟದ ವೇಗ ಹೆಚ್ಚುತ್ತದೆ, ಗದ್ದಲವೂ ಹೆಚ್ಚುತ್ತದೆ. ಕೂಗಿಗೆ ಕಾಯುವ ಮಗು ಅಲ್ಲಿ ಇನ್ನಷ್ಟು ಹಿಂದೆ ಬೀಳುತ್ತದೆ.

2021ರ ಜುಲೈಯಲ್ಲಿ ಯೊಕೊಹಾಮಾದಲ್ಲಿ ನಡೆದ ಒಲಿಂಪಿಕ್ಸ್ ಫೈನಲ್ ನೆನಪಿಸಿಕೊಳ್ಳಿ. ಜಪಾನ್ ಅಮೆರಿಕವನ್ನು 2-0 ಅಂತರದಲ್ಲಿ ಸೋಲಿಸಿತು. ಆರನೇ ಇನ್ನಿಂಗ್ಸ್‌ನಲ್ಲಿ ಅಮೆರಿಕದ ರನ್ನರ್‌ಗಳು ಬೇಸಿನಲ್ಲಿದ್ದಾಗ ಬಿರುಸಿನ ಹೊಡೆತವೊಂದು ಜಪಾನಿನ ಮೂರನೇ ಬೇಸಿನವಳ ಕೈಗೆ ಬಡಿದು ಹಾರಿತು. ಪಕ್ಕದಲ್ಲಿದ್ದ ಶಾರ್ಟ್‌ಸ್ಟಾಪ್ ಮನಾ ಅತ್ಸುಮಿ ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದು ತಕ್ಷಣ ಎರಡನೇ ಬೇಸಿಗೆ ಎಸೆದಳು. ಒಂದೇ ಬಾಲಿಗೆ ಎರಡು ಔಟ್. ಹಿಡಿದದ್ದು ಅದೃಷ್ಟ ಅಂತ ಬೇಕಾದರೆ ಹೇಳಿ. ಹಿಡಿದ ಮರುಕ್ಷಣ ಎರಡಕ್ಕೆ ಎಸೆದದ್ದು ಅದೃಷ್ಟ ಅಲ್ಲ. ರನ್ನರ್ ಬೇಸ್ ಬಿಟ್ಟು ಬಂದಿರುತ್ತಾಳೆ, ಕ್ಯಾಚ್ ಆದರೆ ವಾಪಸ್ ಬೇಸಿಗೆ ಹೋಗಲೇಬೇಕು, ಅದಕ್ಕೆ ಅವಳಿಗೆ ಹೊತ್ತು ಸಾಲದು ಅನ್ನುವುದು ಬಾಲ್ ಬರುವ ಮೊದಲೇ ಅತ್ಸುಮಿಯ ತಲೆಯಲ್ಲಿ ಇತ್ತು. ಅಂಥದ್ದನ್ನು ಹೊರಗಿನಿಂದ ಯಾವ ಕೋಚ್ ಕೂಗಿ ಹೇಳಲು ಸಾಧ್ಯ?

ಹಾಗಾದರೆ ಕಲಿಸುವುದು ಹೇಗೆ? ನಮ್ಮಲ್ಲಿ ಮಾಡಿ ನೋಡಿ ಫಲ ಕಂಡದ್ದನ್ನು ಬರೆಯುತ್ತೇನೆ.

ಸಾಮಾನ್ಯವಾಗಿ ನಮ್ಮ ಅಭ್ಯಾಸ ಅಂದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬಾಲ್ ಉರುಳಿಸುವುದು. ಹಿಡಿ, ಮೊದಲ ಬೇಸಿಗೆ ಎಸೆ, ಸಾಲಿನ ಹಿಂದೆ ಹೋಗು. ಕೈಗೆ ಇದು ಒಳ್ಳೆಯದು. ತಲೆಗೆ ಕೆಲಸವೇ ಇಲ್ಲ, ಯಾಕೆಂದರೆ ಎಲ್ಲಿಗೆ ಎಸೆಯಬೇಕು ಅಂತ ಮೊದಲೇ ಗೊತ್ತು. ಇಂಗ್ಲೆಂಡಿನ ಲಫ್‌ಬರೋದಲ್ಲಿ ಪಾಠ ಮಾಡುತ್ತಿದ್ದ ಡೇವಿಡ್ ಬಂಕರ್ ಮತ್ತು ರಾಡ್ ಥೋರ್ಪ್ 1982ರಲ್ಲೇ ಈ ಮಾತು ಎತ್ತಿದ್ದರು. ಶಾಲೆಯಲ್ಲಿ ಆಟ ಕಲಿಸುವಾಗ ಬರೀ ಹಿಡಿಯುವುದು, ಎಸೆಯುವುದು ಅಂತ ಬಿಡಿಬಿಡಿಯಾಗಿ ಕಲಿಸಬೇಡಿ, ಆಟವನ್ನೇ ಸಣ್ಣದು ಮಾಡಿ ಆಡಿಸಿ, ಯಾವಾಗ ಏನು ಮಾಡಬೇಕೆಂಬುದು ಅದರೊಳಗೇ ಬರಲಿ ಎಂಬುದು ಅವರ ವಾದ. ನನಗೆ ಇದು ಪೂರ್ತಿ ಒಪ್ಪಿಗೆ.

ನಾವೀಗ ಹನ್ನೆರಡು ಮಕ್ಕಳಿದ್ದರೆ ಅರ್ಧ ಮಂದಿಯನ್ನು ಫೀಲ್ಡಿಗೆ, ಅರ್ಧ ಮಂದಿಯನ್ನು ಓಟಕ್ಕೆ ಬಿಡುತ್ತೇವೆ. ಪ್ರತಿ ಸಲ ಒಂದೊಂದು ಸಂದರ್ಭ. "ಒಂದು ಔಟ್, ರನ್ನರ್ ಎರಡರಲ್ಲಿ." ಬಾಲ್ ಯಾವ ಕಡೆ ಹೊಡೆಯುತ್ತೇವೆ ಅಂತ ಹೇಳುವುದಿಲ್ಲ. ಫೀಲ್ಡಿನಲ್ಲಿರುವವರೂ ಯೋಚಿಸಬೇಕು, ರನ್ನರ್ ಕೂಡ ಯೋಚಿಸಬೇಕು. ಶುರುವಿನಲ್ಲಿ ಭಯಂಕರ ಗೊಂದಲ. ಬಾಲ್ ಯಾರೂ ಇಲ್ಲದ ಬೇಸಿಗೆ ಹೋಗುತ್ತದೆ, ಇಬ್ಬರು ರನ್ನರ್ ಒಂದೇ ಬೇಸಿನಲ್ಲಿ ನಿಂತಿರುತ್ತಾರೆ. ಆ ಗೊಂದಲವನ್ನು ತಾಳಿಕೊಳ್ಳಬೇಕು. ಮಧ್ಯೆ ಬಾಯಿ ಹಾಕದೆ ನಿಲ್ಲುವುದು ಕಷ್ಟವೇ. ಆದರೆ ಕೆಲವೇ ವಾರಗಳಲ್ಲಿ ಮಕ್ಕಳು ತಾವೇ ಒಬ್ಬರಿಗೊಬ್ಬರು ಮಾತಾಡಲು ಶುರು ಮಾಡುತ್ತಾರೆ.

ಮಕ್ಕಳಿಗೆ ಎಲ್ಲಕ್ಕಿಂತ ತಡವಾಗಿ ಹತ್ತುವುದು ಯಾವಾಗ ಬೇಸ್ ಮೆಟ್ಟಿದರೆ ಸಾಕು, ಯಾವಾಗ ರನ್ನರಿಗೆ ಬಾಲ್ ತಾಗಿಸಲೇಬೇಕು ಅನ್ನುವುದು. ಹಿಂದಿನಿಂದ ಇನ್ನೊಬ್ಬಳು ಓಡಿ ಬರುತ್ತಿದ್ದರೆ ಮುಂದಿನವಳು ಬೇಸ್ ಖಾಲಿ ಮಾಡಲೇಬೇಕು. ಆಗ ಬಾಲ್ ಹಿಡಿದು ಅವಳ ಮುಂದಿನ ಬೇಸ್ ಮೆಟ್ಟಿದರೆ ಔಟ್. ಹಿಂದಿನ ಬೇಸ್ ಖಾಲಿಯಿದ್ದರೆ ಅವಳಿಗೆ ಓಡಲೇಬೇಕು ಅಂತ ಇಲ್ಲ. ಆಗ ಬೇಸ್ ಮೆಟ್ಟಿ ಪ್ರಯೋಜನ ಇಲ್ಲ, ತಾಗಿಸಬೇಕು. ಬಾಲ್ ಹಿಡಿದು ಮೂರನೇ ಬೇಸ್ ಮೆಟ್ಟಿ ಖುಷಿಯಲ್ಲಿ ಕೈ ಎತ್ತಿದ ಹುಡುಗಿಯ ಪಕ್ಕದಲ್ಲೇ ರನ್ನರ್ ಜಾರಿ ಬಂದು ಸೇಫ್ ಆದದ್ದನ್ನು ನಾವೆಲ್ಲ ನೋಡಿದ್ದೇವೆ. ಬಾಯಿಪಾಠ ಮಾಡಿಸಿದರೆ ಇದು ನಿಲ್ಲುವುದಿಲ್ಲ. ಒಂದು ದಿನ ರನ್ನರ್ ಆಗಿ, ಮರುದಿನ ಫೀಲ್ಡರ್ ಆಗಿ ಆಡಿದರೆ ನಿಲ್ಲುತ್ತದೆ. ಮೇಲಕ್ಕೆ ಹಾರಿದ ಬಾಲ್ ಕೂಡ ಹಾಗೆಯೇ. ಎರಡು ಔಟ್ ಆಗಿದ್ದರೆ ಹೊಡೆದ ಕೂಡಲೇ ಓಡಬೇಕು. ಅದಕ್ಕಿಂತ ಕಡಿಮೆ ಇದ್ದು ಬಾಲ್ ದೂರ ಹಾರಿದರೆ, ಮೂರರಲ್ಲಿರುವವಳು ಬೇಸಿಗೆ ಅಂಟಿ ನಿಂತು, ಕ್ಯಾಚ್ ಆದ ಮೇಲೆ ಹೋಂ ಕಡೆ ಓಡಬಹುದು. ಔಟಿನ ಲೆಕ್ಕ ತಲೆಯಲ್ಲಿ ಇಲ್ಲದಿದ್ದರೆ ಇದ್ಯಾವುದೂ ಆಗುವುದಿಲ್ಲ.

ಆದ್ದರಿಂದ ಪಿಚ್ಚರ್ ಪ್ರತಿ ಸಲ ಬಾಲ್ ಬಿಡುವ ಮೊದಲು ನಮ್ಮ ಮಕ್ಕಳು ಬೆರಳು ಎತ್ತಿ ಔಟ್ ಎಷ್ಟು ಅಂತ ತೋರಿಸಿಕೊಳ್ಳುತ್ತಾರೆ. ಆಮೇಲೆ ಮನಸ್ಸಿನಲ್ಲೇ ಒಂದು ಪ್ರಶ್ನೆ: ಈ ಬಾಲ್ ನನ್ನ ಹತ್ತಿರ ಬಂದರೆ ಎಲ್ಲಿಗೆ? ಅತ್ಸುಮಿ ಮಾಡಿದ್ದೂ ಅದನ್ನೇ ಅಂತ ಅವರಿಗೆ ಹೇಳಿದ್ದೇನೆ. ಸಣ್ಣ ತರಗತಿಯವರಿಗೆ ಇಷ್ಟೆಲ್ಲ ಆಯ್ಕೆ ಕೊಟ್ಟರೆ ಭಾರ. ಅವರಿಗೆ ಒಂದೇ ಮಾತು, ಖಂಡಿತ ಸಿಗುವ ಒಂದು ಔಟ್ ತೆಗೆಯಿರಿ. ಉಳಿದದ್ದು ದೊಡ್ಡವರಾಗುತ್ತಾ ಬರಲಿ.

ಫೀಲ್ಡಿನಲ್ಲಿ ಮಾತು ಯಾರದ್ದಿರಬೇಕು ಅನ್ನುವುದೂ ಮುಖ್ಯ. ಇಡೀ ಮೈದಾನಕ್ಕೆ ಮುಖ ಮಾಡಿ ಕೂತಿರುವವಳು, ಹೊಡೆಯುವವಳ ಹಿಂದೆ ಇರುವ ಕ್ಯಾಚರ್ ಒಬ್ಬಳೇ. ರನ್ನರ್‌ಗಳೆಲ್ಲ ಅವಳಿಗೆ ಕಾಣುತ್ತಾರೆ. ಹಾಗಾಗಿ ಬಂಟ್ (ಬ್ಯಾಟ್ ಬೀಸದೆ ಬಾಲನ್ನು ಮೆಲ್ಲಗೆ ತಟ್ಟುವುದು) ಆದಾಗ, ದೂರದ ಫೀಲ್ಡಿನಿಂದ ಥ್ರೋ ಬರುವಾಗ "ಒಂದು", "ಎರಡು", "ಹೋಂ" ಅಂತ ಕರೆಯುವ ಅಧಿಕಾರ ಅವಳಿಗೆ. ಯಾವ ಭಾಷೆಯಲ್ಲಿ ಕರೆಯಬೇಕು ಅಂತ ತಂಡವೇ ಕೂತು ಮಾತಾಡಿಕೊಂಡಿತು. ನಮ್ಮವರು ಸಂಖ್ಯೆಗೆ ಕನ್ನಡ, ನಿಲ್ಲಲು ತುಳು ಅಂತ ಮಾಡಿಕೊಂಡಿದ್ದಾರೆ. ಮನೆಯಲ್ಲಿ ಮಲಯಾಳ, ಮರಾಠಿ ಮಾತಾಡುವ ಮಕ್ಕಳಿಗೂ ಅದೇ ರೂಢಿಯಾಗಿದೆ.

ಮಳೆಗಾಲದ ಬಗ್ಗೆಯೂ ಹೇಳಬೇಕು, ಯಾಕೆಂದರೆ ನಾವು ಹೆಚ್ಚಿನವರು ಆ ತಿಂಗಳುಗಳನ್ನು ಸುಮ್ನೆ ಕಳೆಯುತ್ತೇವೆ. ಶಾಲೆಯ ಜಗಲಿಯಲ್ಲಿ ಸೀಮೆಸುಣ್ಣದಿಂದ ಮೈದಾನ ಬರೆಯಿರಿ. ಅಡಿಕೆ ರನ್ನರ್, ಹುಣಸೆ ಬೀಜ ಫೀಲ್ಡರ್. ಒಬ್ಬಳು ಸಂದರ್ಭ ಹೇಳಿ ಬಾಲ್ ಎಲ್ಲಿಗೆ ಹೋಯಿತು ಅಂತ ಬೆರಳಿಟ್ಟು ತೋರಿಸಲಿ, ಉಳಿದವರು ಅಡಿಕೆ ನಡೆಸಲಿ. ಜಗಳ ಆಗುತ್ತದೆ. "ಅವಳು ಅಲ್ಲಿಂದ ಓಡ್ಲಿಕ್ಕೇ ಇಲ್ಲ", "ಯಾಕೆ ಇಲ್ಲ, ಎರಡು ಔಟ್ ಅಲ್ವಾ?" ಅಂತ. ಆ ಜಗಳ ನಡೆಯಲಿ, ಬಿಡಿಸಬೇಡಿ. ಹೊರಗೆ ಮಳೆ ಸುರಿಯುತ್ತಿರುವಾಗ ಮಕ್ಕಳು ಹೀಗೆ ವಾದ ಮಾಡುವುದನ್ನು ಕೇಳುವುದೇ ನನಗೆ ಅಭ್ಯಾಸದ ಅತ್ಯಂತ ಖುಷಿಯ ಭಾಗ. ಇದಕ್ಕೆ ಗ್ಲೌಸ್ ಬೇಡ, ಬ್ಯಾಟು ಬೇಡ, ದುಡ್ಡು ಬೇಡ.

ತಪ್ಪಾದಾಗ ಏನು ಹೇಳುತ್ತೇವೆ ಅನ್ನುವುದರ ಮೇಲೆ ತುಂಬಾ ನಿಂತಿದೆ. "ಯಾಕೆ ಅಲ್ಲಿಗೆ ಎಸೆದೆ?" ಅಂದರೆ ಮಗು ತಲೆ ತಗ್ಗಿಸುತ್ತದೆ, ಉತ್ತರ ಬರುವುದಿಲ್ಲ. "ಆಗ ನಿನಗೆ ಏನು ಕಂಡಿತು?" ಅಂತ ಕೇಳಿ ನೋಡಿ. "ರನ್ನರ್ ನಿಧಾನ ಇದ್ದಳು, ಸಿಗಬಹುದು ಅಂತ ಕಂಡಿತು" ಅನ್ನುತ್ತಾಳೆ. ಎಷ್ಟೋ ಸಲ ಅವಳು ಕಂಡದ್ದು ನಾವು ಹೊರಗಿನಿಂದ ಕಂಡದ್ದಕ್ಕಿಂತ ಸರಿಯಿರುತ್ತದೆ. ಅದನ್ನು ಇನ್ನಿಂಗ್ಸ್ ಮುಗಿದ ಮೇಲೆ ಕೇಳಿ, ಎಲ್ಲರ ಎದುರು ಬೇಡ.

ಸ್ಕೋರ್ ಶೀಟಿನಲ್ಲಿ ಶಾರ್ಟ್‌ಸ್ಟಾಪಿನ ಸಂಖ್ಯೆ 6, ಮೊದಲ ಬೇಸಿನವಳದ್ದು 3. ಯಾರು ಎಡವಿದರೋ ಅವರ ಸಂಖ್ಯೆಯ ಹೆಸರಿನಲ್ಲಿ ಎರರ್ ಬರೆಯುತ್ತೇವೆ. ಸರಿಯಾದ ಬೇಸಿಗೆ ಎಸೆದದ್ದು ಸ್ವಲ್ಪ ಎತ್ತರವಾಗಿ ಕೈತಪ್ಪಿದರೆ ಎರರ್. ತಪ್ಪು ಬೇಸಿಗೆ ಎಸೆದದ್ದು ಹೇಗೋ ಔಟ್ ಆಗಿಬಿಟ್ಟರೆ ಶಹಬ್ಬಾಸ್. ಮಕ್ಕಳು ಇದರಿಂದ ಕಲಿಯುವುದು ತಪ್ಪು ಪಾಠ. ಅದಕ್ಕೇ ನಾನು ಇನ್ನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಔಟ್, ರನ್ ಏನೂ ಇಲ್ಲ. ಯೋಚಿಸಿದ್ದು ಸರಿಯೋ ಅಲ್ಲವೋ, ಅಷ್ಟೇ ಗುರುತು. ನಾವು ಸೋತ ಪಂದ್ಯದಲ್ಲೂ ಆ ಪುಟ ತುಂಬಿದ್ದುಂಟು. ಮಕ್ಕಳು ಈಗ ಪಂದ್ಯ ಮುಗಿದ ಕೂಡಲೇ ಆ ಪುಸ್ತಕವನ್ನೇ ಮೊದಲು ಕೇಳುತ್ತಾರೆ.

ಹೊರಗಿನಿಂದ ಒಂದು ಮಾತೂ ಬೇಡ ಅಂತ ನನ್ನ ಹಟ ಇಲ್ಲ. ಎರಡರಿಂದ ಮೂರಕ್ಕೆ ಓಡುವವಳಿಗೆ ಹಿಂದೆ ರೈಟ್ ಫೀಲ್ಡಿನಲ್ಲಿರುವ ಬಾಲ್ ಕಾಣುವುದಿಲ್ಲ. ಅವಳಿಗೆ ಮೂರನೇ ಬೇಸಿನ ಪಕ್ಕದಲ್ಲಿ ನಿಂತ ಕೋಚ್ ಕೈ ತೋರಿಸಲೇಬೇಕು. ಹೊಡೆಯುವ ತಂಡಕ್ಕೆ ಒಂದು ಮತ್ತು ಮೂರನೇ ಬೇಸಿನ ಹತ್ತಿರ ಒಬ್ಬೊಬ್ಬರನ್ನು ನಿಲ್ಲಿಸಲು ನಿಯಮದಲ್ಲೇ ಜಾಗ ಇದೆ. ಅಲ್ಲಿ ದೊಡ್ಡವರೇ ಇರಬೇಕೆಂದಿಲ್ಲ, ತಂಡದ ಹುಡುಗಿಯೇ ಹೆಲ್ಮೆಟ್ ಹಾಕಿ ನಿಲ್ಲಬಹುದು. ಕನಿಷ್ಠ ಮೊದಲ ಬೇಸಿನ ಜಾಗವನ್ನಾದರೂ ಮಕ್ಕಳಿಗೆ ಬಿಟ್ಟುಕೊಡಿ. ಬೆಂಚಿನಲ್ಲಿ ಕೂತ ಹುಡುಗಿಗೂ ಆಟ ಓದಲು ಬರುತ್ತದೆ.

ಕೂಟ ನಡೆಸುವವರಲ್ಲಿ ನಾಲ್ಕು ಮಾತು. ಹೆಚ್ಚಿನ ಕಡೆ ನಮ್ಮದು ನಾಕೌಟ್. ಮೊದಲ ಪಂದ್ಯ ಸೋತರೆ ಆ ವರ್ಷದ ಆಟ ಮುಗಿಯಿತು. ಅಂತರ ಜಾಸ್ತಿಯಾದರೆ 7 ಇನ್ನಿಂಗ್ಸ್ ಕೂಡ ಪೂರ್ತಿ ಸಿಗುವುದಿಲ್ಲ. ವರ್ಷಕ್ಕೆ ಒಂದೇ ಪಂದ್ಯ ಆಡುವ ಮಗು ಯೋಚಿಸಲು ಕಲಿಯುವುದು ಯಾವಾಗ? ಬೆಳಿಗ್ಗೆ ಸೋತ ಎರಡು ತಂಡಗಳು ಮಧ್ಯಾಹ್ನ ಬಸ್ಸಿಗೆ ಕಾಯುವ ಬದಲು ಪಕ್ಕದಲ್ಲೇ ಮೂರು ಇನ್ನಿಂಗ್ಸ್ ಆಡಲಿ. ಫಲಿತಾಂಶ ಬರೆಯುವುದೇ ಬೇಡ. ಕುಂಬಳೆ, ಮಂಜೇಶ್ವರ, ಕಾಸರಗೋಡು ಉಪಜಿಲ್ಲೆಗಳ ಶಾಲೆಗಳು ದೂರ ಏನಲ್ಲ, ಶನಿವಾರ ಒಬ್ಬರಲ್ಲಿಗೆ ಒಬ್ಬರು ಹೋಗಿ ಆಡಲು ಅನುಮತಿ ಸಿಕ್ಕಿದರೂ ಸಾಕು. ನಿಯಮ ವಿವರಿಸುವ ತರಬೇತಿ ಇಟ್ಟಾಗ ಕನ್ನಡದಲ್ಲಿ ಹೇಳುವವರು ಒಬ್ಬರಿರಲಿ. ಅಂಪೈರ್ ಇನ್‌ಫೀಲ್ಡ್ ಫ್ಲೈ (ಬೇಸುಗಳ ಹತ್ತಿರವೇ ಮೇಲಕ್ಕೆ ಹಾರಿದ ಬಾಲನ್ನು ಹಿಡಿಯದಿದ್ದರೂ ಕೆಲವು ಸಂದರ್ಭದಲ್ಲಿ ಹೊಡೆದವಳು ಔಟ್ ಅನ್ನುವ ನಿಯಮ) ಅಂತ ಕೈ ಎತ್ತಿದಾಗ ಏನಾಯಿತು ಅಂತ ಗೊತ್ತಾಗದೆ ನಿಲ್ಲುವ ಮಕ್ಕಳು ನಮ್ಮ ಗಡಿನಾಡಿನಲ್ಲಿ ಇನ್ನೂ ಇದ್ದಾರೆ.

ಮತ್ತೆ, ಬರುವ ಉಪಜಿಲ್ಲಾ ಕೂಟದಲ್ಲಿ ಒಂದೇ ಒಂದು ಪಂದ್ಯವನ್ನು ಹೀಗೆ ನಡೆಸಿ ನೋಡಿ. ಪಿಚ್ಚರ್ ಬಾಲ್ ಬಿಟ್ಟಲ್ಲಿಂದ ಅಂಪೈರ್ ಕೈ ಎತ್ತುವ ತನಕ ಹೊರಗಿನವರು ಮಾತಾಡುವ ಹಾಗಿಲ್ಲ. ಆಮೇಲೆ ಬೇಕಾದಷ್ಟು ಚಪ್ಪಾಳೆ ಹೊಡೆಯಿರಿ, ಹೆಸರು ಕೂಗಿ ಹುರಿದುಂಬಿಸಿ. ಮೈಕಿನಲ್ಲಿ ಪಂದ್ಯದ ಮೊದಲು ಒಮ್ಮೆ ಹೇಳಿದರೆ ಜನ ಕೇಳುತ್ತಾರೆ. ನಮ್ಮ ಊರಿನವರು ಮಕ್ಕಳಿಗೆ ಒಳ್ಳೆಯದು ಅಂತ ಗೊತ್ತಾದರೆ ಒಪ್ಪದೆ ಇರುವವರಲ್ಲ.

ಗುರುತು ಹಾಕುವ ನೋಟ್‌ಬುಕ್ಕಿನ ನಮೂನೆ ಬೇಕಾದ ಮಾಷ್ಟ್ರುಗಳು, ಟೀಚರ್‌ಗಳು ಮೈದಾನದಲ್ಲಿ ಸಿಕ್ಕಾಗ ಕೇಳಿ. ಬರೆದು ಕೊಡುತ್ತೇನೆ, ಹೇಗೆ ತುಂಬುವುದು ಅಂತ ಒಂದು ಪಂದ್ಯ ಜೊತೆಯಲ್ಲಿ ಕೂತು ತೋರಿಸುತ್ತೇನೆ.

ಇಂತಿ,
ಬದಿಯಡ್ಕ ಕಡೆಯ ಒಬ್ಬ ಸಾಫ್ಟ್‌ಬಾಲ್ ಪ್ರೇಮಿ